ಬೂದಿ ಮುಚ್ಚಿದ ರಿಯಾಕ್ಟರ್: ಹ್ಯಾನ್‌ಫರ್ಡ್, ಸೆಪ್ಟೆಂಬರ್ 1944

1944ರ ಸೆಪ್ಟೆಂಬರ್ 27, ಬೆಳಗಿನ ಜಾವ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಂಡೆಯ ಮೇಲೆ, ಹ್ಯಾನ್‌ಫರ್ಡ್ ಎಂಬ ಒಣ ಬಯಲು. ಅಲ್ಲಿನ ‘ಬಿ ರಿಯಾಕ್ಟರ್’ ಹಿಂದಿನ ರಾತ್ರಿಯಷ್ಟೇ ಹೊತ್ತಿಕೊಂಡಿತ್ತು. ಶಕ್ತಿ ನಿಧಾನಕ್ಕೆ ಏರಿ 9 ಮೆಗಾವ್ಯಾಟ್ ಮುಟ್ಟಿತ್ತು. ಅಲ್ಲಿಯವರೆಗೆ ಯಾವ ರಿಯಾಕ್ಟರೂ ಅಷ್ಟು ಶಕ್ತಿ ಕೊಟ್ಟಿರಲಿಲ್ಲ.

ಆಮೇಲೆ ಮೀಟರಿನ ಮುಳ್ಳು ಇಳಿಯತೊಡಗಿತು.

ಯಾರೂ ಏನೂ ತಪ್ಪು ಮಾಡಿರಲಿಲ್ಲ. ಆಪರೇಟರ್‌ಗಳು ಉರಿಯನ್ನು ಹತೋಟಿಯಲ್ಲಿಡುವ ಕಂಟ್ರೋಲ್ ರಾಡನ್ನು ಸ್ವಲ್ಪ ಹೊರಗೆಳೆದರು. ಅದನ್ನು ಎಳೆದಷ್ಟೂ ಉರಿ ಜಾಸ್ತಿಯಾಗಬೇಕು. ಮುಳ್ಳು ತಡೆದು ನಿಂತಿತು, ಮತ್ತೆ ಇಳಿಯಿತು. ಇನ್ನಷ್ಟು ಎಳೆದರು. ಮತ್ತೆ ಅದೇ ಕತೆ. ಸಂಜೆಯ ಹೊತ್ತಿಗೆ ರಿಯಾಕ್ಟರ್ ಪೂರ್ತಿ ಆರಿಹೋಯಿತು.

ಕೆಟ್ಟು ನಿಂತಿದ್ದರೆ ಏನೋ ಕೆಟ್ಟಿದೆ ಅಂದುಕೊಳ್ಳಬಹುದಿತ್ತು. ಇದು ಹಾಗಲ್ಲ. ರಾತ್ರಿ ಕಳೆಯುವಷ್ಟರಲ್ಲಿ, ಯಾರೂ ರಿಪೇರಿ ಮಾಡದೆ, ಅದು ಮತ್ತೆ ಉರಿಯುವ ಸ್ಥಿತಿಗೆ ಬಂತು. ಶಕ್ತಿ ಏರಿಸಿದರು. ಮತ್ತೆ ತಾನಾಗೇ ಇಳಿಯಿತು. ಆರಿದ ಒಲೆ ಯಾರೂ ಊದದೆ ತಾನೇ ಹೊತ್ತಿಕೊಂಡು, ಮತ್ತೆ ತಾನೇ ಆರಿದರೆ ಮನೆಯವರಿಗೆ ಹೇಗಾಗಬೇಡ? ಇಲ್ಲಿ ಮನೆಯವರು ಎಂದರೆ ಎನ್ರಿಕೊ ಫರ್ಮಿ, ಜಾನ್ ವೀಲರ್, ಲಿಯೋನಾ ವುಡ್ಸ್ ಮಾರ್ಷಲ್‌ ತರದವರು. ಆ ಕಾಲಕ್ಕೆ ರಿಯಾಕ್ಟರ್ ಬಗ್ಗೆ ಅವರಿಗಿಂತ ಜಾಸ್ತಿ ತಿಳಿದವರು ಭೂಮಿ ಮೇಲೆ ಬೆರಳೆಣಿಕೆಯಷ್ಟೇ ಇದ್ದರು.

ಈ ಪ್ರಕರಣವನ್ನು ಸಾಮಾನ್ಯವಾಗಿ ‘ಕ್ಸೆನಾನ್ ವಿಷ’ದ ಕತೆಯಾಗಿ ಹೇಳುತ್ತಾರೆ. ಕ್ಸೆನಾನ್ ಒಂದು ಅನಿಲ. ರಿಯಾಕ್ಟರಿನ ಉರಿ ಆರಿಸುವುದರಿಂದ ಅದಕ್ಕೆ ‘ವಿಷ’ ಎಂಬ ಹೆಸರು. ನನಗೆ ಮಾತ್ರ ಇದು 504 ಕೊಳವೆಗಳ ಕತೆ. ವಿಜ್ಞಾನಿಗಳು ದಂಡ ಅಂದಿದ್ದ ಕೊಳವೆಗಳು.

ಒಕ್ಕಲೆಬ್ಬಿಸಿ ಕಟ್ಟಿದ ಕಾರ್ಖಾನೆ

ಸ್ವಲ್ಪ ಹಿಂದಕ್ಕೆ ಹೋಗೋಣ. 1942ರ ಡಿಸೆಂಬರ್ 2ರಂದು ಷಿಕಾಗೊ ವಿಶ್ವವಿದ್ಯಾಲಯದ ಸ್ಟೇಡಿಯಂ ಗ್ಯಾಲರಿಯ ಕೆಳಗೆ, ಸ್ಕ್ವಾಷ್ ಆಡುವ ಅಂಕಣದಲ್ಲಿ, ಫರ್ಮಿಯ ತಂಡ ಮೊದಲ ರಿಯಾಕ್ಟರ್ ನಡೆಸಿತು. ಆಗ ಅದಕ್ಕೆ ‘ಪೈಲ್’ ಅನ್ನುತ್ತಿದ್ದರು, ಅಂದರೆ ರಾಶಿ. ನಿಜಕ್ಕೂ ಅದು ಗ್ರ್ಯಾಫೈಟ್ ಇಟ್ಟಿಗೆಗಳ ರಾಶಿಯೇ. ನಡುನಡುವೆ ಯುರೇನಿಯಂ. ಅವತ್ತು ಅದು ಕೊಟ್ಟ ಶಕ್ತಿ ಅರ್ಧ ವ್ಯಾಟ್. ಒಂದು ಟಾರ್ಚ್ ಬಲ್ಬಿಗೂ ಸರಿಯಾಗಿ ಸಾಲದು.

ಎರಡೇ ವರ್ಷದಲ್ಲಿ ಅವರು 250 ಮೆಗಾವ್ಯಾಟಿನ ಯಂತ್ರಕ್ಕೆ ಕೈ ಹಾಕಿದರು. ಅರ್ಧ ವ್ಯಾಟಿನಿಂದ 50 ಕೋಟಿ ಪಟ್ಟು. ನಡುವೆ ಒಂದೇ ಒಂದು ಮೆಟ್ಟಿಲು. ಟೆನೆಸಿಯ ಓಕ್ ರಿಡ್ಜ್‌ನಲ್ಲಿ 1943ರ ನವೆಂಬರ್ 4ರಂದು ಶುರುವಾದ ಎಕ್ಸ್-10, ಗಾಳಿಯಿಂದ ತಣಿಸುವ ಚಿಕ್ಕ ರಿಯಾಕ್ಟರ್. ಅದರ ಪಾಠಗಳು ಬರುವ ಮುಂಚೆಯೇ ಹ್ಯಾನ್‌ಫರ್ಡ್‌ನಲ್ಲಿ ಬುನಾದಿ ಬಿದ್ದಿತ್ತು.

ಆತುರಕ್ಕೆ ಕಾರಣ ಗೊತ್ತೇ ಇದೆ. ಎರಡನೇ ಮಹಾಯುದ್ಧ ನಡೆದಿತ್ತು, ಅಣುಬಾಂಬಿಗೆ ಪ್ಲುಟೋನಿಯಂ ಬೇಕಿತ್ತು. ಪರಮಾಣು ಒಡೆದಾಗ ಸಿಡಿಯುವ ನ್ಯೂಟ್ರಾನ್ ಎಂಬ ಕಣವನ್ನು ಯುರೇನಿಯಂ-238 ನುಂಗಿದರೆ ಎರಡು ಹೆಜ್ಜೆ ದಾಟಿ ಪ್ಲುಟೋನಿಯಂ ಆಗುತ್ತದೆ. ಕಿಲೋಗಟ್ಟಲೆ ಬೇಕಾದರೆ ಭಾರೀ ರಿಯಾಕ್ಟರ್ ಬೇಕು, ತಣಿಸಲು ಭಾರೀ ನದಿ ಬೇಕು, ಸುತ್ತ ಜನ ಇರಬಾರದು. ಕೊಲಂಬಿಯಾ ದಂಡೆಯಲ್ಲಿ ಜನ ಇದ್ದರು. ಹ್ಯಾನ್‌ಫರ್ಡ್ ಮತ್ತು ವೈಟ್ ಬ್ಲಫ್ಸ್ ಎಂಬ ರೈತರ ಊರುಗಳನ್ನು 1943ರಲ್ಲಿ ಖಾಲಿ ಮಾಡಿಸಿದರು. ನದಿಯಲ್ಲಿ ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ವಾನಪಮ್ ಜನರನ್ನೂ ಎಬ್ಬಿಸಿದರು. ಅವರ ಜಾಗಕ್ಕೆ ಕೆಲಸಗಾರರು ಬಂದರು. 1944ರ ನಡುವೆ ಅವರ ಸಂಖ್ಯೆ ಸುಮಾರು 45,000. ತಾವು ಏನು ಕಟ್ಟುತ್ತಿದ್ದೇವೆ ಎಂದು ಅವರಲ್ಲಿ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ. ಎದ್ದರೆ ಬಿದ್ದರೆ ಧೂಳಿನ ಬಿರುಗಾಳಿ. ಒಂದು ಜೋರು ಗಾಳಿ ಬೀಸಿದ ಮಾರನೇ ದಿನ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಡುವವರ ಸಾಲೇ ಇರುತ್ತಿತ್ತಂತೆ.

ಕಟ್ಟುವ ಹೊಣೆ ಡ್ಯೂಪಾಂಟ್ ಕಂಪನಿಯದು. ಸಿಡಿಮದ್ದು, ನೈಲಾನ್ ಮಾಡುತ್ತಿದ್ದ ಕಂಪನಿ. ಮೊದಲ ಮಹಾಯುದ್ಧದಲ್ಲಿ ಸಾವಿನ ವ್ಯಾಪಾರ ಮಾಡಿ ದುಡ್ಡು ಮಾಡಿತು ಎಂಬ ಕೆಟ್ಟ ಹೆಸರು ಹೊತ್ತಿದ್ದರಿಂದ ಈ ಸಲ ಖರ್ಚಿನ ಮೇಲೆ ಬರೀ 1 ಡಾಲರ್ ಲಾಭಕ್ಕೆ ಒಪ್ಪಿಕೊಂಡಿತ್ತು.

1,500 ಸಾಕಲ್ವಾ?

ರಿಯಾಕ್ಟರಿನ ಮೂಲ ವಿನ್ಯಾಸ ಷಿಕಾಗೊದಲ್ಲಿದ್ದ ಭೌತವಿಜ್ಞಾನಿ ಯೂಜೀನ್ ವಿಗ್ನರ್ ತಂಡದ್ದು. ಗ್ರ್ಯಾಫೈಟಿನ ದೊಡ್ಡ ದಿಮ್ಮಿ: ಅಗಲ 36 ಅಡಿ, ಎತ್ತರ 36 ಅಡಿ, ಮುಂದಿನಿಂದ ಹಿಂದಕ್ಕೆ 28 ಅಡಿ. ಅದರೊಳಗೆ ಅಡ್ಡಡ್ಡ ಅಲ್ಯೂಮಿನಿಯಂ ಕೊಳವೆಗಳು. ಕೊಳವೆಯೊಳಗೆ ಯುರೇನಿಯಂ ತುಂಡುಗಳನ್ನು ಒಂದರ ಹಿಂದೊಂದು ತಳ್ಳುವುದು. ‘ಸ್ಲಗ್’ ಅನ್ನುತ್ತಿದ್ದರು. ಒಂದೊಂದೂ ಸುಮಾರು 8 ಇಂಚು ಉದ್ದ, ಅಲ್ಯೂಮಿನಿಯಂ ಡಬ್ಬಿಯೊಳಗೆ ಸೀಲ್ ಮಾಡಿದ್ದು. ಸ್ಲಗ್ಗಿಗೂ ಕೊಳವೆಗೂ ನಡುವೆ ಇರುವ ಸಣ್ಣ ಸಂದಿನಲ್ಲಿ ನದಿಯ ನೀರು ಓಡಬೇಕು. ಒಟ್ಟಾರೆ ನಿಮಿಷಕ್ಕೆ ಲಕ್ಷ ಲೀಟರಿಗೂ ಜಾಸ್ತಿ ನೀರು. ಹೊಸ ಸ್ಲಗ್ಗನ್ನು ಮುಂದಿನಿಂದ ತಳ್ಳಿದರೆ ಹಳೆಯದು ಹಿಂದಿನ ಬಾಯಿಂದ ನೀರಿನ ತೊಟ್ಟಿಗೆ ಬೀಳುತ್ತದೆ. ಎಷ್ಟು ಸರಳ ನೋಡಿ. ಈ ಭಾಗ ಓದುವಾಗೆಲ್ಲ ನನಗೆ ಶಾವಿಗೆ ಒರಳು ನೆನಪಾಗುತ್ತದೆ.

ವಿಗ್ನರ್ ಲೆಕ್ಕದ ಪ್ರಕಾರ 1,500 ಕೊಳವೆ ಸಾಕಿತ್ತು. ದುಂಡಗೆ, ವೃತ್ತದ ಆಕಾರದಲ್ಲಿ. ದುಂಡಗಿನ ಆಕಾರದಿಂದ ನ್ಯೂಟ್ರಾನ್ ಕಡಿಮೆ ಸೋರುತ್ತದೆ, ಸಾಮಾನೂ ಕಡಿಮೆ ಹಿಡಿಯುತ್ತದೆ. ದಿಮ್ಮಿ ಚೌಕ, ಕೊಳವೆ ದುಂಡಗೆ. ಹಾಗಾಗಿ ನಾಲ್ಕೂ ಮೂಲೆಯ ಕಡೆ ಬರೀ ಗ್ರ್ಯಾಫೈಟ್ ಖಾಲಿ ಉಳಿಯುತ್ತಿತ್ತು.

ಡ್ಯೂಪಾಂಟಿನ ಜಾರ್ಜ್ ಗ್ರೇವ್ಸ್ ಎಂಬ ಎಂಜಿನಿಯರಿಗೆ ಈ ಖಾಲಿ ಮೂಲೆಗಳು ಕಣ್ಣಿಗೆ ಬಿದ್ದವು. ಅಲ್ಲೂ ಕೊಳವೆ ಹಾಕೋಣ ಅಂದರು. 1,500 ಇದ್ದದ್ದು 2,004 ಆಯಿತು, ಮೂರರಲ್ಲೊಂದು ಪಾಲು ಜಾಸ್ತಿ. ಇದು ಸುಮ್ನೆ ಡ್ರಾಯಿಂಗಿನಲ್ಲಿ ನಾಲ್ಕು ಸೊನ್ನೆ ಬರೆದಷ್ಟು ಸುಲಭವಲ್ಲ. ಪ್ರತಿ ಕೊಳವೆಗೂ ಗ್ರ್ಯಾಫೈಟಿನಲ್ಲಿ ತೂತು, ವಿಕಿರಣ ತಡೆಯುವ ದಪ್ಪ ಉಕ್ಕಿನ ಗೋಡೆಯಲ್ಲಿ ತೂತು, ನೀರಿನ ಪೈಪು, ಜಾಯಿಂಟು, ಒತ್ತಡದ ಮೀಟರು. ಎಲ್ಲವೂ 504 ಸಲ.

ಷಿಕಾಗೊದಲ್ಲಿ ಸಿಟ್ಟು ನೆತ್ತಿಗೇರಿತು. ಅವರ ಕಣ್ಣಲ್ಲಿ ಡ್ಯೂಪಾಂಟ್ ಅಂದರೆ ಆಮೆ. ಜರ್ಮನಿ ಮುಂದೆ ಹೋಗಿಬಿಟ್ಟರೆ ಎಂಬ ಭಯ ಒಂದು ಕಡೆ. ಇವರು ನೋಡಿದರೆ ಬೇಡದ ತೂತು ಕೊರೆಯುತ್ತ ಕೂತಿದ್ದಾರೆ! ಹಂಗೇರಿಯಿಂದ ಬಂದ ವಿಗ್ನರ್‌ಗೆ ಆ ಭಯ ಪುಸ್ತಕದ್ದಲ್ಲ, ಮನೆಯದು.

ಇದನ್ನು ‘ಪುಸ್ತಕದ ವಿಜ್ಞಾನಿ, ಕೈಕೆಲಸದ ಎಂಜಿನಿಯರ್’ ಜಗಳ ಎಂದು ಹೇಳಿಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ವಿಗ್ನರ್ ಓದಿದ್ದೇ ಕೆಮಿಕಲ್ ಎಂಜಿನಿಯರಿಂಗ್. ಅವರ ತಂಡದ ನೀರಿನ ವಿನ್ಯಾಸವನ್ನೇ ಡ್ಯೂಪಾಂಟ್ ತೆಗೆದುಕೊಂಡಿತ್ತು. ಅದಕ್ಕೂ ಮುಂಚೆ ಡ್ಯೂಪಾಂಟ್ ಹೀಲಿಯಂ ಅನಿಲದಿಂದ ತಣಿಸುವ ಯೋಚನೆಯಲ್ಲಿತ್ತು. ವಿಗ್ನರ್ ಲೆಕ್ಕದಲ್ಲೂ ತಪ್ಪಿರಲಿಲ್ಲ. ಗೊತ್ತಿದ್ದ ವಿಷಯಗಳ ಮಟ್ಟಿಗೆ 1,500 ಸಾಕೇ ಇತ್ತು.

ಗ್ರೇವ್ಸ್‌ಗೆ ಕ್ಸೆನಾನ್ ಬಗ್ಗೆ ಏನೂ ಗೊತ್ತಿರಲಿಲ್ಲ. ಕೆಮಿಕಲ್ ಕಾರ್ಖಾನೆ ಕಟ್ಟಿ ಕಟ್ಟಿ ಒಂದು ಗೊತ್ತಿತ್ತು: ಹೊಸ ಯಂತ್ರ ಕಾಗದದ ಮೇಲೆ ಇದ್ದ ಹಾಗೆ ನಡೆಯುವುದಿಲ್ಲ. ನಮ್ಮ ಮೇಸ್ತ್ರಿಗಳು ಮೋಲ್ಡಿಂಗ್ ಹಾಕುವಾಗ ‘ಇರಲಿ ಬಿಡಿ ಸಾರ್, ಇನ್ನೆರಡು ಕಂಬಿ’ ಅನ್ನುವುದಿಲ್ವಾ, ಅದೇ ಬುದ್ಧಿ. ಪ್ರತಿ ಸಲ ಆ ಕಂಬಿ ಬೇಕಾಗುವುದಿಲ್ಲ ಎಂಬುದೂ ನಿಜ.

ಗ್ರೇವ್ಸ್ ಬೆನ್ನಿಗೆ ಒಬ್ಬ ಭೌತವಿಜ್ಞಾನಿ ನಿಂತಿದ್ದರು. ಜಾನ್ ವೀಲರ್, ಡ್ಯೂಪಾಂಟಿಗೆ ಷಿಕಾಗೊ ತಂಡದಿಂದ ಹೋದವರು. ಪರಮಾಣು ಒಡೆದಾಗ ಹುಟ್ಟುವ ಚೂರುಗಳಲ್ಲಿ ಯಾವುದಾದರೂ ಒಂದು ನ್ಯೂಟ್ರಾನನ್ನು ಗಬಗಬ ನುಂಗುವಂಥದ್ದಾದರೆ ಏನು ಗತಿ ಎಂದು 1942ರಲ್ಲೇ ಯೋಚಿಸಿದ್ದರು. ತೀರಾ ಹೊಟ್ಟೆಬಾಕ ಚೂರಾದರೆ ಮಾತ್ರ ತೊಂದರೆ, ಅಂಥದ್ದು ಇರುವ ಸಂಭವ ಕಡಿಮೆ ಎಂದು ಅವರಿಗೂ ಅನಿಸಿತ್ತು. ಆದರೂ ಜಾಗ ಬಿಟ್ಟಿರಲಿ ಅಂದರು.

ಆರಿದ್ದು, ಹೊತ್ತಿದ್ದು

1944ರ ಸೆಪ್ಟೆಂಬರ್ 13ರಂದು ಮೊದಲ ಸ್ಲಗ್ ತಳ್ಳಿದವರು ಫರ್ಮಿ. ಗುಟ್ಟಿನ ಸಲುವಾಗಿ ಅಲ್ಲಿ ಅವರ ಹೆಸರು ‘ಮಿಸ್ಟರ್ ಫಾರ್ಮರ್’. ಆ ಗಂಡಸರ ಲೋಕದಲ್ಲಿ ಲಿಯೋನಾ ಮಾರ್ಷಲ್ ಒಬ್ಬರೇ ಹೆಣ್ಣು, ಇನ್ನೂ 25 ವರ್ಷ. ಅವರಿಗೊಂದು ಶೌಚಾಲಯ ಬೇಕೆಂದು ಡ್ಯೂಪಾಂಟ್ ಬೇರೆ ಕಟ್ಟಿಸಬೇಕಾಯಿತು.

ಎಲ್ಲ ಕೊಳವೆಗೂ ಇಂಧನ ತುಂಬಲಿಲ್ಲ. 901 ಕೊಳವೆ ತುಂಬಿದಾಗ ಸಾಕೆನಿಸಿತು. 26ರ ರಾತ್ರಿ ರಾಡ್ ಎಳೆದರು. ಅಲ್ಲಿಂದ ಮುಂದಿನದನ್ನು ಆಗಲೇ ಹೇಳಿದೆ.

ಮುಳ್ಳು ಇಳಿದಾಗ ಮೊದಲು ಬಂದ ಅನುಮಾನ ನೀರಿನ ಮೇಲೆ. ಯಾವುದೋ ಕೊಳವೆ ಸೋರಿ ಗ್ರ್ಯಾಫೈಟಿಗೆ ನೀರು ಇಳಿಯುತ್ತಿರಬಹುದು. ನೀರು ನ್ಯೂಟ್ರಾನ್ ನುಂಗುತ್ತದೆ. ಇಲ್ಲವೇ ನದಿಯ ನೀರಿನಲ್ಲಿರುವ ಬೋರಾನ್ ತರದ್ದೇನೋ ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತಿರಬಹುದು. ಎರಡೂ ತಲೆಗೆ ಹಿಡಿಯುವ ಮಾತೇ. ಆದರೆ ಎರಡಕ್ಕೂ ಒಂದು ತೊಡಕಿತ್ತು. ಸೋರಿದ ನೀರು ರಾತ್ರೋರಾತ್ರಿ ತಾನಾಗೇ ಒಣಗುತ್ತದೆಯೇ? ಮೆತ್ತಿದ್ದು ತಾನಾಗೇ ಕಳಚುತ್ತದೆಯೇ?

ವೀಲರ್ ರಿಯಾಕ್ಟರ್ ಆರಿದ್ದಕ್ಕಿಂತ ಮತ್ತೆ ಹೊತ್ತಿಕೊಂಡದ್ದನ್ನೇ ಹಿಡಿದುಕೊಂಡರು. ಎಷ್ಟು ಗಂಟೆಗೆ ಇಳಿಯಿತು, ಎಷ್ಟು ಗಂಟೆಗೆ ಏರಿತು ಎಂಬ ದಾಖಲೆ ಮುಂದಿಟ್ಟುಕೊಂಡು ಕೂತರು. ವಿಷ ಕೂಡಲೇ ಹುಟ್ಟುತ್ತಿಲ್ಲ, ತಡವಾಗಿ ಹುಟ್ಟುತ್ತಿದೆ. ಅಂದರೆ ಅದು ಮೊದಲ ತಲೆಮಾರಿನದಲ್ಲ, ಮಗಳು. ಹುಟ್ಟಿದ್ದು ಗಂಟೆಗಳಲ್ಲಿ ಸಾಯುತ್ತಿದೆ, ಅದಕ್ಕೇ ರಿಯಾಕ್ಟರ್ ಚೇತರಿಸಿಕೊಳ್ಳುತ್ತಿದೆ. ಹಾಗಾದರೆ ಇಂತಿಷ್ಟು ಗಂಟೆ ಬಾಳುವ ತಾಯಿ, ಇಂತಿಷ್ಟು ಗಂಟೆ ಬಾಳುವ ಮಗಳು, ಈ ಜೋಡಿ ಯಾವುದು? ಪರಮಾಣು ಒಡೆದಾಗ ಹುಟ್ಟುವ ಚೂರುಗಳ ಪಟ್ಟಿಯಲ್ಲಿ ಬೆರಳಾಡಿಸಿದರೆ ಜೋಡಿ ಸಿಕ್ಕಿತು. ತಾಯಿ ಅಯೋಡಿನ್-135, ಅರ್ಧಾಯುಷ್ಯ (ಅರ್ಧ ಪಾಲು ಪರಮಾಣುಗಳು ಬದಲಾಗಿಹೋಗಲು ಹಿಡಿಯುವ ಸಮಯ) 6.6 ಗಂಟೆ. ಮಗಳು ಕ್ಸೆನಾನ್-135, ಅರ್ಧಾಯುಷ್ಯ ಸುಮಾರು 9 ಗಂಟೆ. ಲೆಕ್ಕ ಕೂತುಕೊಂಡಿತು. ಫರ್ಮಿಯೂ ಒಪ್ಪಿದರು.

ಡ್ಯೂಪಾಂಟಿನ ಕ್ರಾಫರ್ಡ್ ಗ್ರೀನ್‌ವಾಲ್ಟ್ ಷಿಕಾಗೊಗೆ ಫೋನ್ ಮಾಡಿದರು. ಅಲ್ಲಿ ವಾಲ್ಟರ್ ಜಿನ್ ತಮ್ಮ ಭಾರಜಲದ (ಭಾರದ ಹೈಡ್ರೋಜನ್ ಇರುವ ನೀರು) ಚಿಕ್ಕ ರಿಯಾಕ್ಟರ್ ಸಿಪಿ-3 ಅನ್ನು ಪೂರ್ತಿ ಶಕ್ತಿಯಲ್ಲಿ ಬಿಡದೆ ಓಡಿಸಿ ನೋಡಿದರು. ಅದೇ ಕಾಯಿಲೆ ಅಲ್ಲೂ ಸಣ್ಣದಾಗಿ ಕಾಣಿಸಿತು. ಅಲ್ಲಿಯವರೆಗೆ ಅದನ್ನು ಪೂರ್ತಿ ಶಕ್ತಿಯಲ್ಲಿ ಹೆಚ್ಚು ಹೊತ್ತು ಓಡಿಸಿಯೇ ಇರಲಿಲ್ಲ. ಇಡೀ ಬಾಂಬ್ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್‌ಗೆ ಇದು ತಿಳಿದಾಗ ಸಿಟ್ಟು ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಎಳೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿತ್ತು. ಚಿಯೆನ್-ಶಿಯುಂಗ್ ವು ಎಂಬ ಚೀನಾದ ಭೌತವಿಜ್ಞಾನಿ, ಎಮಿಲಿಯೊ ಸೆಗ್ರೆ ಜೊತೆ ಅಲ್ಲಿ ಇದೇ ಕ್ಸೆನಾನ್ ಐಸೊಟೋಪ್‌ಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳು) ಮೇಲೆ ಕೆಲಸ ಮಾಡಿದ್ದರು. ಆ ಲೇಖನ ಅಚ್ಚಾಗಿದ್ದು 1945ರಲ್ಲಿ. ವಿಷಯ ಗೊತ್ತಿದ್ದವರೊಂದು ಕಡೆ, ಬೇಕಿದ್ದವರೊಂದು ಕಡೆ, ನಡುವೆ ಗುಟ್ಟಿನ ಗೋಡೆ.

ಬೂದಿಯ ಲೆಕ್ಕ

ಒಂದು ನ್ಯೂಟ್ರಾನ್ ಯುರೇನಿಯಂ ಪರಮಾಣುವನ್ನು ಒಡೆದರೆ ಎರಡೋ ಮೂರೋ ನ್ಯೂಟ್ರಾನ್ ಹೊರಬರುತ್ತವೆ. ಕೆಲವು ಸೋರಿಹೋಗುತ್ತವೆ. ಕೆಲವನ್ನು ಗ್ರ್ಯಾಫೈಟು, ನೀರು, ಅಲ್ಯೂಮಿನಿಯಂ ನುಂಗುತ್ತವೆ. ಪ್ಲುಟೋನಿಯಂ ಆಗಲು ಯುರೇನಿಯಂ-238 ಕೂಡ ತನ್ನ ಪಾಲು ಕೇಳುತ್ತದೆ. ಎಲ್ಲ ಕಳೆದು ಮುಂದಿನ ಪರಮಾಣುವನ್ನು ಒಡೆಯಲು ಒಂದು ಉಳಿದರೆ ಬೆಂಕಿ ಉಳಿಯಿತು. ತಿಂಗಳ ಕೊನೆಗೆ ಸಂಬಳ ಸರಿಹೋಗುವ ಸಂಸಾರ ಇದ್ದ ಹಾಗೆ. ಷಿಕಾಗೊದ ಮೊದಲ ರಿಯಾಕ್ಟರಿನಲ್ಲಿ ಉಳಿತಾಯ ಎಷ್ಟಿತ್ತು ಗೊತ್ತಾ? 10,000ಕ್ಕೆ 6.

ಇಂಥ ಸಂಸಾರಕ್ಕೆ ಕ್ಸೆನಾನ್-135 ನೆಂಟನಾಗಿ ಬಂತು. ನ್ಯೂಟ್ರಾನ್ ನುಂಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಕಂಟ್ರೋಲ್ ರಾಡಿಗೆ ಹೆಸರಾದ ಕ್ಯಾಡ್ಮಿಯಂನ ಅತಿ ಹಸಿದ ಐಸೊಟೋಪಿಗಿಂತ ನೂರು ಪಟ್ಟಿಗೂ ಜಾಸ್ತಿ ಹಸಿವು. ನೂರು ಪರಮಾಣು ಒಡೆದರೆ ಸುಮಾರು ಆರು ಸಲ ಅಯೋಡಿನ್-135 ಸಿಗುತ್ತದೆ. ಅದು ಕೆಲವು ಗಂಟೆ ಸುಮ್ಮನಿದ್ದು ಕ್ಸೆನಾನ್ ಆಗುತ್ತದೆ. ಉರಿದಷ್ಟೂ ಬೂದಿ, ಬೂದಿ ಕೂತಷ್ಟೂ ಉರಿ ಕಡಿಮೆ. ಬಚ್ಚಲ ಒಲೆಗೆ ಸೌದೆ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ಈ ಬೂದಿ ತಾನೇ ಕರಗುತ್ತದೆ. ಒಲೆ ಆರಿಸಿ ಕಾದರೆ ಕ್ಸೆನಾನ್ ಸೀಸಿಯಂ ಆಗಿ ಬದಲಾಗುತ್ತದೆ, ಸೀಸಿಯಂಗೆ ಅಷ್ಟು ಹಸಿವಿಲ್ಲ. ಕೆಂಡ ಮತ್ತೆ ಕಾಣುತ್ತದೆ.

ಎಕ್ಸ್-10ರಲ್ಲಿ ಇದು ಯಾಕೆ ಕಾಣಲಿಲ್ಲ? ಅಲ್ಲಿ ಉರಿಯೇ ಮಂದ. ಬೂದಿ ಕಣ್ಣಿಗೆ ಬೀಳುವಷ್ಟು ಕೂರಲಿಲ್ಲ. ಚಿಕ್ಕದರಲ್ಲಿ ಸರಿಹೋದದ್ದು ದೊಡ್ಡದರಲ್ಲಿ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಮುರಿದುಬಿತ್ತು.

ಇನ್ನು ಚಿಕಿತ್ಸೆ. ಕ್ಸೆನಾನ್ ಹುಟ್ಟುವುದನ್ನು ತಡೆಯಲಾಗದು. ನೆಂಟ ಉಣ್ಣಲಿ, ಅಕ್ಕಿಯೇ ಜಾಸ್ತಿ ಹಾಕೋಣ. ಅಂದರೆ ಜಾಸ್ತಿ ಯುರೇನಿಯಂ, ಜಾಸ್ತಿ ಕೊಳವೆ. ಹಂತ ಹಂತವಾಗಿ ಕೊಳವೆ ತುಂಬುತ್ತ ಹೋದರು. 1,500 ದಾಟಿತು. ಬೇರೆ ರಿಯಾಕ್ಟರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮೂಲೆಗಳಲ್ಲಿ ಇನ್ನೂ 504 ಕೊಳವೆ ಬಾಯಿ ತೆರೆದು ಕೂತಿದ್ದವು. ಅವನ್ನೂ ತುಂಬಿದರು. 1945ರ ಫೆಬ್ರವರಿಯಲ್ಲಿ ಬಿ ರಿಯಾಕ್ಟರ್ 250 ಮೆಗಾವ್ಯಾಟ್ ಮುಟ್ಟಿತು. ಪಕ್ಕದ ಡಿ ರಿಯಾಕ್ಟರ್ 1944ರ ಡಿಸೆಂಬರ್ 17ರಂದು ಶುರುವಾಗುವ ಹೊತ್ತಿಗೆ ಎಲ್ಲರೂ ಎಚ್ಚೆತ್ತಿದ್ದರು.

ಆ 504 ಇಲ್ಲದಿದ್ದರೆ? ಒಮ್ಮೆ ಉರಿದ ರಿಯಾಕ್ಟರಿನ ಗ್ರ್ಯಾಫೈಟಿಗೆ ಹೊಸ ತೂತು ಕೊರೆಯಲು ಹತ್ತಿರ ಹೋಗುವಂತಿಲ್ಲ. ಹ್ಯಾನ್‌ಫರ್ಡ್‌ನಲ್ಲಿ ಕಟ್ಟುತ್ತಿದ್ದ ಬಿ, ಡಿ, ಎಫ್ ಎಂಬ ಮೂರು ರಿಯಾಕ್ಟರ್‌ಗಳ ವಿಷಯದಲ್ಲೂ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿತ್ತು. ತಿಂಗಳುಗಟ್ಟಲೆ ತಡವಾಗುತ್ತಿತ್ತು.

ಇಲ್ಲಿ ನನ್ನ ಮೆಚ್ಚುಗೆ ಸ್ವಲ್ಪ ತಡವರಿಸುತ್ತದೆ. ಹಾಗೆ ಉಳಿದ ತಿಂಗಳುಗಳಲ್ಲಿ ಹ್ಯಾನ್‌ಫರ್ಡ್‌ನ ಪ್ಲುಟೋನಿಯಂ ಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಾಮಸ್‌ಗೆ ಹೋಯಿತು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊದ ಮರಳುಗಾಡಿನಲ್ಲಿ ಸಿಡಿಯಿತು, ಆಗಸ್ಟ್ 9ರಂದು ನಾಗಸಾಕಿಯ ಮೇಲೆ. ವೀಲರ್‌ಗೆ ಮಾತ್ರ ತಡವಾಯಿತು ಎಂಬುದೇ ಕೊನೆಯವರೆಗಿನ ಕೊರಗು. ಇಟಲಿಯಲ್ಲಿ ಯುದ್ಧ ಮಾಡುತ್ತಿದ್ದ ಅವರ ತಮ್ಮ ಜೋ ಒಂದು ಕಾರ್ಡ್ ಬರೆದಿದ್ದ. ಅದರಲ್ಲಿದ್ದದ್ದು ‘ಬೇಗ ಮಾಡು’ ಅಂತ ಅಷ್ಟೇ. 1944ರ ಅಕ್ಟೋಬರ್‌ನಲ್ಲಿ, ಅಣ್ಣ ಕ್ಸೆನಾನ್ ಲೆಕ್ಕ ಬಿಡಿಸಿದ ಕೆಲವೇ ವಾರಗಳಲ್ಲಿ, ಆತ ಸತ್ತ.

ಕ್ಸೆನಾನ್ ಎಲ್ಲಿಗೂ ಹೋಗಿಲ್ಲ

ಆಮೇಲೆ ಕಟ್ಟಿದ ಪ್ರತಿ ರಿಯಾಕ್ಟರಿನ ವಿನ್ಯಾಸದಲ್ಲೂ ಈ ನೆಂಟನಿಗೊಂದು ಎಲೆ ಹಾಕಿಯೇ ಇರುತ್ತಾರೆ. ನಮ್ಮ ಕೈಗಾದ 220 ಮೆಗಾವ್ಯಾಟಿನ ನಾಲ್ಕು ಘಟಕಗಳೂ ಸಹಜ ಯುರೇನಿಯಂ ಉರಿಸುವ ಭಾರಜಲ ರಿಯಾಕ್ಟರ್‌ಗಳು. ಇವುಗಳಲ್ಲಿ ನ್ಯೂಟ್ರಾನ್ ಉಳಿತಾಯ ಕಡಿಮೆ. ಪೂರ್ತಿ ಶಕ್ತಿಯಲ್ಲಿ ಓಡುತ್ತಿದ್ದದ್ದು ಫಕ್ಕನೆ ನಿಂತರೆ ಬೇಗನೆ ಮತ್ತೆ ಹಚ್ಚಬೇಕು. ತಡವಾದರೆ ಕ್ಸೆನಾನ್ ಮೇಲುಗೈ ಸಾಧಿಸುತ್ತದೆ. ‘ಪಾಯ್ಸನ್ ಔಟ್’ ಆಯಿತು ಅನ್ನುತ್ತಾರೆ. ಆಮೇಲೆ ಒಂದು ದಿನಕ್ಕೂ ಮೇಲೆ ಕೈಕಟ್ಟಿ ಕೂರುವುದೇ. ಕೈಗಾದ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅಷ್ಟೂ ದಿನ ಕ್ಸೆನಾನ್ ಒಳಗೇ ಇತ್ತು. ಹುಟ್ಟಿದಷ್ಟೇ ಕರಗುತ್ತ, ಸಮತೋಲದಲ್ಲಿ.

ಸಮತೋಲ ತಪ್ಪಿದರೆ ಏನಾದೀತು ಎಂಬುದನ್ನು 1986ರ ಏಪ್ರಿಲ್ 26ರ ಚೆರ್ನೋಬಿಲ್ ತೋರಿಸಿತು. ಶಕ್ತಿ ಇಳಿಸಿದ ಮೇಲೆ ಕ್ಸೆನಾನ್ ಕೂಡಿಕೊಂಡು ರಿಯಾಕ್ಟರ್ ಏಳಲೊಲ್ಲದು. ಆಪರೇಟರ್‌ಗಳು ರಾಡ್ ಎಳೆದರು, ಇನ್ನೂ ಎಳೆದರು. ಹ್ಯಾನ್‌ಫರ್ಡ್‌ನಲ್ಲಿ ಎಳೆದ ಹಾಗೇ. ಅಲ್ಲಿ ರಿಯಾಕ್ಟರ್ ಸುಮ್ಮನೆ ಆರಿತ್ತು. ಚೆರ್ನೋಬಿಲ್‌ನ ವಿನ್ಯಾಸದ ದೋಷಗಳು ಬೇರೆ, ಕೊನೆಯೂ ಬೇರೆಯಾಯಿತು. ಅದು ಇನ್ನೊಂದು ಪ್ರಕರಣ.

ಬಿ ರಿಯಾಕ್ಟರ್ 1968ರಲ್ಲಿ ನಿಂತಿತು. 2015ರಿಂದ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗ. ಜನ ಬಸ್ಸಿನಲ್ಲಿ ಹೋಗಿ ನೋಡಿ ಬಂದಿದ್ದಾರೆ. ಒಳಗೆ ಕಾಲಿಟ್ಟರೆ ಎದುರಿಗೇ ಆ ಗೋಡೆ. ಮೂರು ಮಹಡಿ ಎತ್ತರಕ್ಕೆ ಕೊಳವೆಗಳ ಮೂತಿ, ಸಾಲಿನ ಮೇಲೆ ಸಾಲು. ಎಲ್ಲವೂ ಒಂದೇ ತರ. ವಿಗ್ನರ್ ಲೆಕ್ಕ ಹಾಕಿದ 1,500 ಯಾವುವು, ಗ್ರೇವ್ಸ್ ಸೇರಿಸಿದ 504 ಯಾವುವು ಎಂದು ನೋಡಿದರೆ ಗೊತ್ತಾಗುವುದಿಲ್ಲ.